ಕೇಪ್ ಬಫಲೋ, ಆನೆ ಬೇಟೆಗೆ ಡಬಲ್ ರೈಫಲ್: ಕೆತ್ತನೆ ಬಿಡಿ, ಲಾಕ್ ನೋಡಿ

ಡಬಲ್ ರೈಫಲ್, ಅಂದರೆ ಜೋಡಿ ನಳಿಕೆಯ ರೈಫಲ್, ಕೈಗೆ ಬಂದ ಕೂಡಲೇ ಎಲ್ಲರ ಕಣ್ಣೂ ಹೋಗುವುದು ಪಕ್ಕದ ಕೆತ್ತನೆಗೆ. ಆನೆ, ಸಿಂಹ, ಬಳ್ಳಿ, ಹೂವು. ನೋಡಲು ಚೆಂದ, ಬೇಡ ಅನ್ನುವುದಿಲ್ಲ. ಆದರೆ ಗಾಯಗೊಂಡ ಕೇಪ್ ಬಫಲೋ (ಆಫ್ರಿಕದ ಕಾಡೆಮ್ಮೆ) ಹದಿನೈದು ಮೀಟರ್ ದೂರದ ಪೊದೆಯಿಂದ ನುಗ್ಗಿ ಬರುವಾಗ ಹೂವು ಕೆಲಸಕ್ಕೆ ಬರುವುದಿಲ್ಲ. ಆಗ ಬೇಕಾದ್ದು ಇಷ್ಟೇ. ಒಂದು ಸಲ ಟ್ರಿಗರ್ ಒತ್ತಿದರೆ ಒಂದೇ ಈಡು ಹೋಗಬೇಕು. ಎರಡನೇ ಸಲ ಒತ್ತಿದರೆ ಎರಡನೆಯದು ಹೋಗಲೇಬೇಕು. ಎರಡೂ ನೀವು ನೋಡಿದ ಜಾಗಕ್ಕೇ ಹೋಗಬೇಕು. ಈ ಮೂರನ್ನು ಅಂಗಡಿಯಲ್ಲೂ ಶೂಟಿಂಗ್ ರೇಂಜ್‌ನಲ್ಲೂ ಪರೀಕ್ಷೆ ಮಾಡಿ ನೋಡುವುದು ಹೇಗೆ ಅಂತ ಬರೆಯುತ್ತಿದ್ದೇನೆ.

ಮೊದಲೇ ಹೇಳಿಬಿಡುತ್ತೇನೆ, ಇದು ನಮ್ಮ ಕಾಡಿಗೆ ಸಂಬಂಧಪಟ್ಟದ್ದಲ್ಲ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಬಂದ ಮೇಲೆ ಇಲ್ಲಿ ಶಿಕಾರಿಯ ಕಾಲ ಮುಗಿಯಿತು. ಬಂಡೀಪುರದ ಕಾಟಿಯನ್ನು ಕ್ಯಾಮರಾದಲ್ಲಿ ಹಿಡಿಯಿರಿ, ಸಾಕು. ಹೊರದೇಶದಲ್ಲಿ ನೆಲೆಸಿ, ಅಲ್ಲಿನ ಲೈಸೆನ್ಸ್ ಪಡೆದು, ಜಿಂಬಾಬ್ವೆ, ಟಾಂಜಾನಿಯ, ಜಾಂಬಿಯ, ಮೊಜಾಂಬಿಕ್, ನಮೀಬಿಯಗಳಿಗೆ ಪರ್ಮಿಟ್ ಮೇಲೆ ಬೇಟೆಗೆ ಹೋಗುವವರಿಗಾಗಿ ಇದು. ಆಫ್ರಿಕದಲ್ಲೂ ಎಲ್ಲ ಕಡೆ ಬಾಗಿಲು ತೆರೆದಿಲ್ಲ. ಕೀನ್ಯಾ 1977ರಲ್ಲೇ ಬೇಟೆ ನಿಲ್ಲಿಸಿತು. ಬೋಟ್ಸ್ವಾನ 2014ರಲ್ಲಿ ನಿಲ್ಲಿಸಿ 2019ರಲ್ಲಿ ಮತ್ತೆ ಶುರು ಮಾಡಿತು.

ಡಬಲ್ ಯಾಕೆ ಬೇಕು? ಅದು ನಿಜಕ್ಕೂ ಒಂದೇ ಸ್ಟಾಕಿಗೆ ಜೋಡಿಸಿದ ಎರಡು ಬಂದೂಕು. ಎರಡು ನಳಿಕೆ, ಎರಡು ಲಾಕ್ (ಈಡು ಹಾರಿಸುವ ಯಂತ್ರಭಾಗ), ಎರಡು ಸ್ಪ್ರಿಂಗ್, ಎರಡು ಟ್ರಿಗರ್ (ಸಾಮಾನ್ಯವಾಗಿ ಮುಂದಿನದು ಬಲ ನಳಿಕೆಗೆ, ಹಿಂದಿನದು ಎಡಕ್ಕೆ). ಒಂದು ಕಡೆಯ ಸ್ಪ್ರಿಂಗ್ ಮುರಿದರೂ ಇನ್ನೊಂದು ಕೆಲಸ ಮಾಡುತ್ತದೆ. ಎರಡನೇ ಈಡಿಗೆ ಬೋಲ್ಟ್ ರೈಫಲಿನ ಹಾಗೆ ಬೋಲ್ಟಿನ ಹಿಡಿ ಎಳೆದು ತಳ್ಳಿ ತೋಟಾ ಏರಿಸುವುದು ಬೇಡ, ಬೆರಳು ಒಂದಿಂಚು ಹಿಂದಕ್ಕೆ ಸರಿದರೆ ಆಯಿತು. ಮೂರನೇ ಈಡು ಬೇಕಾದಾಗ ಮಾತ್ರ ಬೋಲ್ಟ್ ರೈಫಲ್ ಮುಂದೆ ಇದು ಸೋಲುತ್ತದೆ. .416 ರಿಗ್ಬಿ (ಇಂಥ ಅಂಕಿ ಬೋರ್, ಅಂದರೆ ಇಂಚಿನಲ್ಲಿ ನಳಿಕೆ ಒಳಗಿನ ಸುಮಾರು ಅಳತೆ) ಥರದ ಒಳ್ಳೆ ಬೋಲ್ಟ್ ರೈಫಲಿನಲ್ಲಿ ಮೂರ್ನಾಲ್ಕು ತೋಟಾ ಒಟ್ಟಿಗೆ ಇರುತ್ತವೆ, ಬೆಲೆಯೂ ಎಷ್ಟೋ ಕಡಿಮೆ. ನೂರು ಮೀಟರ್ ದೂರದಿಂದ ಹೊಡೆಯುವುದೇ ನಿಮ್ಮ ಇಷ್ಟವಾದರೆ ಅದನ್ನೇ ತಗೊಳ್ಳಿ. ಡಬಲ್ ಇರುವುದು ಐವತ್ತು ಮೀಟರ್ ಒಳಗಿನ ಕೆಲಸಕ್ಕೆ, ದಟ್ಟ ಪೊದೆಗೆ, ಆನೆಗೆ.

ಮೊದಲು ತೋಟಾ ನಿರ್ಧಾರ ಮಾಡಿ, ರೈಫಲ್ ಆಮೇಲೆ. ಜಾಸ್ತಿ ಜನ ಇದನ್ನು ತಲೆಕೆಳಗು ಮಾಡುತ್ತಾರೆ. ಚೆಂದದ ರೈಫಲ್ ಸಿಕ್ಕಿತು ಅಂತ ಕೊಂಡು, ಆಮೇಲೆ ಅದರ ತೋಟಾಕ್ಕಾಗಿ ಊರೆಲ್ಲ ಹುಡುಕುತ್ತಾರೆ. ಇವತ್ತು ಸುಲಭವಾಗಿ ಸಿಗುವುದು .470 ನೈಟ್ರೋ ಎಕ್ಸ್‌ಪ್ರೆಸ್. 500 ಗ್ರೇನ್, ಅಂದರೆ ಸುಮಾರು 32 ಗ್ರಾಂ ತೂಕದ ಗುಂಡು, ಸೆಕೆಂಡಿಗೆ 2150 ಅಡಿ ವೇಗ. ಬಫಲೋಗೂ ಸಾಕು, ಆನೆಗೂ ಸಾಕು. .500 ನೈಟ್ರೋದಲ್ಲಿ ಅದೇ ವೇಗಕ್ಕೆ 570 ಗ್ರೇನ್ ಗುಂಡು. ಹೊಡೆತ ಜಾಸ್ತಿ, ಭುಜಕ್ಕೆ ಬೀಳುವ ಒದೆತವೂ ಜಾಸ್ತಿ. .450/400 ಮೂರಿಂಚಿನದರಲ್ಲಿ (.450 ತೋಟಾದ ಬಾಯಿ .400ಕ್ಕೆ ಕಿರಿದು ಮಾಡಿದ್ದು, ಕೋಶದ ಉದ್ದ ಮೂರಿಂಚು) 400 ಗ್ರೇನ್ ಗುಂಡು. ಇದರ ಒದೆತ ತುಂಬಾ ಸೌಮ್ಯ, ಮೊದಲ ಡಬಲ್ ಆಗಿ ನನಗೆ ಬಹಳ ಇಷ್ಟ. .577 ಮತ್ತು .600 ಕಥೆಯೇ ಬೇರೆ. 750 ಮತ್ತು 900 ಗ್ರೇನ್ ಗುಂಡುಗಳು, ಆರೇಳು ಕಿಲೋ ತೂಗುವ ರೈಫಲ್‌ಗಳು. ಮೊದಲ ಸಲ ಕೊಳ್ಳುವವರು ಅತ್ತ ತಲೆ ಹಾಕಬೇಡಿ.

ಕಾನೂನಿನ ಕನಿಷ್ಠ ಅಳತೆಯನ್ನೂ ನೋಡಿಕೊಳ್ಳಿ. ಹಲವು ದೇಶಗಳಲ್ಲಿ ಅಪಾಯದ ಪ್ರಾಣಿಗಳಿಗೆ .375 ಕನಿಷ್ಠ. ಕೆಲವು ಕಡೆ ಬೋರ್ ಬದಲು ಗುಂಡಿನ ಶಕ್ತಿಯನ್ನು ಜೂಲ್‌ನಲ್ಲಿ ಲೆಕ್ಕ ಹಾಕುತ್ತಾರೆ, ನಮೀಬಿಯದಲ್ಲಿ ಆನೆ, ಬಫಲೋಗೆ 5400 ಜೂಲ್ ಬೇಕು. .470ಕ್ಕೆ ಸುಮಾರು 7000 ಜೂಲ್ ಇರುವುದರಿಂದ ಚಿಂತೆಯಿಲ್ಲ. ಆದರೆ .450/400 ಈ ಗೆರೆಯ ಆಸುಪಾಸಿನಲ್ಲೇ ಸಿಕ್ಕಿಹಾಕಿಕೊಳ್ಳುತ್ತದೆ. ಅದನ್ನು ಕೊಳ್ಳುವ ಮುಂಚೆ ನೀವು ಹೋಗುವ ದೇಶದಲ್ಲಿ ಬೇಟೆ ಏರ್ಪಾಡು ಮಾಡುವ ಔಟ್‌ಫಿಟರ್‌ನ ಕೇಳಿಬಿಡಿ.

.470 ಇಷ್ಟು ಹೆಸರಾಗಿದ್ದರಲ್ಲಿ ಭಾರತಕ್ಕೂ ಒಂದು ಪಾಲಿದೆ. 1898ರಲ್ಲಿ ಬಂದ .450 ನೈಟ್ರೋ ಎಕ್ಸ್‌ಪ್ರೆಸ್ ಆಗ ಎಲ್ಲರ ಮೆಚ್ಚಿನ ಬೋರ್ ಆಗಿತ್ತು. ಬ್ರಿಟಿಷರಿಗೆ ಭಯ ಹುಟ್ಟಿತು. ಬಂಡಾಯಗಾರರ ಕೈಯಲ್ಲಿರುವ ಹಳೆ .577/450 ಮಾರ್ಟಿನಿ-ಹೆನ್ರಿ ಬಂದೂಕುಗಳಿಗೆ ಇದೇ ಗುಂಡು ಬಳಕೆಯಾದರೆ ಏನು ಗತಿ ಅಂತ. ಹಾಗಾಗಿ 20ನೇ ಶತಮಾನದ ಆರಂಭದಲ್ಲಿ ಭಾರತಕ್ಕೆ .450 ತರುವುದನ್ನೇ ನಿಲ್ಲಿಸಿದರು. ಇಂಗ್ಲೆಂಡಿನ ತಯಾರಕರು ಸುಮ್ಮನೆ ಕೂರಲಿಲ್ಲ. .470, .465, .475 ಅಂತ ಒಂದರ ಹಿಂದೊಂದು ಬದಲಿ ಬೋರ್ ತಂದರು. ಭಾರತದಿಂದ ಹೊರಹೋಗಿ ಹರಾಜಿಗೆ ಬರುವ ಹಳೆ ಡಬಲ್‌ಗಳಲ್ಲಿ .470, .465 ಎಷ್ಟೋ ಕಾಣುವುದಕ್ಕೆ ಇದೇ ಕಾರಣ.

ಇನ್ನೊಂದು ಮಾತು. ಡಬಲ್‌ಗೆ ತಳದಲ್ಲಿ ಹೊರಚಾಚಿದ ಅಂಚು ಇರುವ ತೋಟಾವೇ ಸರಿ. ತೋಟಾ ಹೊರಗೆ ತೆಗೆಯುವ ಭಾಗ ಆ ಅಂಚನ್ನು ಪೂರ್ತಿ ಹಿಡಿಯುತ್ತದೆ. ಅಂಚಿಲ್ಲದ ತೋಟಾಕ್ಕೆ ಮಾಡಿದ ಡಬಲ್‌ನಲ್ಲಿ ಸ್ಪ್ರಿಂಗ್ ಹಾಕಿದ ಸಣ್ಣ ನಾಲಗೆಯೊಂದು ಆ ಕೆಲಸ ಮಾಡಬೇಕು. ಧೂಳು ತುಂಬಿದರೆ ಅದು ಕೈಕೊಡಬಹುದು. ಅಂಚಿಲ್ಲದ .458 ವಿಂಚೆಸ್ಟರ್ ತೋಟಾ ಅಗ್ಗ ಅಂತ ಆ ಡಬಲ್ ಕೊಳ್ಳಲು ಹೋಗಬೇಡಿ.

ಈಗ ಮುಖ್ಯ ವಿಷಯ, ರೆಗ್ಯುಲೇಶನ್, ಅಂದರೆ ಎರಡೂ ನಳಿಕೆಯ ಗುಂಡು ಒಂದೇ ಕಡೆ ಬೀಳುವ ಹಾಗೆ ಹೊಂದಿಸುವುದು. ಡಬಲ್‌ನ ಎರಡು ನಳಿಕೆ ನೇರವಾಗಿ ಸಮಾನಾಂತರ ಇರುವುದಿಲ್ಲ, ತುದಿಯ ಕಡೆ ಸ್ವಲ್ಪ ಹತ್ತಿರ ಬರುತ್ತವೆ. ಯಾಕೆಂದರೆ ಬಲ ನಳಿಕೆ ಹಾರಿದಾಗ ರೈಫಲ್ ಮೇಲಕ್ಕೂ ಬಲಕ್ಕೂ ತಿರುಗುತ್ತದೆ, ಎಡದ್ದು ಹಾರಿದಾಗ ಎಡಕ್ಕೆ. ಗುಂಡು ನಳಿಕೆಯೊಳಗೆ ಇರುವಾಗಲೇ ಈ ತಿರುಗಾಟ ಶುರುವಾಗಿರುತ್ತದೆ. ಅದನ್ನು ಲೆಕ್ಕ ಹಾಕಿ, ಹೊಡೆದು ನೋಡಿ, ತುದಿಯ ಬೆಸುಗೆ ಕರಗಿಸಿ, ನಡುವಿನ ಬೆಣೆ ಸರಿಸಿ, ಮತ್ತೆ ಹೊಡೆದು ನೋಡಿ, ಹೀಗೆ ಎರಡೂ ಒಂದೇ ಕಡೆ ಬೀಳುವ ತನಕ ಕುಶಲಕರ್ಮಿ ಕೂತು ಮಾಡುತ್ತಾನೆ. ಡಬಲ್ ರೈಫಲ್‌ನ ಬೆಲೆಯ ದೊಡ್ಡ ಭಾಗ ಹೋಗುವುದು ಇಲ್ಲಿಗೇ. ಈ ಹೊಂದಾಣಿಕೆ ಒಂದು ಗುಂಡಿನ ತೂಕಕ್ಕೆ, ಒಂದು ವೇಗಕ್ಕೆ ಮಾತ್ರ. ತೋಟಾ ಬದಲಾದರೆ ಹೊಂದಾಣಿಕೆ ಕೆಡಬಹುದು. ಹಾಗಾಗಿ ಮಾರುವವನ ಹತ್ತಿರ ಮೊದಲು ಕೇಳಬೇಕಾದ್ದು: ಯಾವ ಕಂಪನಿಯ, ಯಾವ ತೋಟಾಕ್ಕೆ ರೆಗ್ಯುಲೇಟ್ ಮಾಡಿದ್ದು? ಫ್ಯಾಕ್ಟರಿಯ ಟಾರ್ಗೆಟ್ ಕಾಗದ ಇದೆಯಾ? ಸರಿಯಾದ ಉತ್ತರ ಬರಲಿಲ್ಲ ಅಂದರೆ ಅಲ್ಲೇ ಅರ್ಧ ಅನುಮಾನ ಇಟ್ಟುಕೊಳ್ಳಿ.

ಕಾಗದ ಇದ್ದರೂ ನೀವೇ ಹೊಡೆದು ನೋಡಿ. 50 ಮೀಟರ್‌ಗೆ ಟಾರ್ಗೆಟ್ ಹಾಕಿ. ಬೆಂಚಿನ ಮೇಲೆ ಕೂತು ನಳಿಕೆಯನ್ನು ಮರಳಿನ ಚೀಲಕ್ಕೆ ಒರಗಿಸಬೇಡಿ, ಒದೆತದ ದಿಕ್ಕೇ ಬದಲಾಗಿ ಫಲಿತಾಂಶ ಸುಳ್ಳು ಬರುತ್ತದೆ. ನಿಂತು, ಆಸರೆಯ ಶೂಟಿಂಗ್ ಕೋಲುಗಳ ಮೇಲೆ ಎಡಗೈ ಊರಿ, ಆ ಕೈಯಲ್ಲಿ ನಳಿಕೆ ಕೆಳಗಿನ ಮುಂದಿನ ಮರ ಹಿಡಿದು ಹೊಡೆಯಿರಿ. ಬಲ, ಕೂಡಲೇ ಎಡ. ನಳಿಕೆ ಪೂರ್ತಿ ತಣ್ಣಗಾಗಲು ಬಿಡಿ. ಮತ್ತೆ ಬಲ, ಎಡ. ಯಾವ ತೂತು ಯಾವ ನಳಿಕೆಯದು ಅಂತ ಅಲ್ಲೇ ಪೆನ್ನಿನಲ್ಲಿ ಗುರುತು ಹಾಕಿ, ಆಮೇಲೆ ನೆನಪಿರುವುದಿಲ್ಲ. ನಾಲ್ಕೂ ತೂತು ಅಂಗೈಯೊಳಗೆ ಮುಚ್ಚಿಹೋಗುವ ಹಾಗಿದ್ದರೆ, ಬಲದವು ಸ್ವಲ್ಪ ಬಲಕ್ಕೆ ಎಡದವು ಸ್ವಲ್ಪ ಎಡಕ್ಕೆ ಇದ್ದರೆ, ಆ ರೈಫಲ್ ಚೆನ್ನಾಗಿದೆ. ಬಲದ್ದು ಎಡಕ್ಕೂ ಎಡದ್ದು ಬಲಕ್ಕೂ ಅಡ್ಡ ಹಾದಿದ್ದರೆ ತೋಟಾ ವೇಗ ಜಾಸ್ತಿ ಅಂತ ಅರ್ಥ. ಗುಂಡು ಬೇಗ ಹೊರಗೆ ಹೋಗಿಬಿಟ್ಟಿತು, ರೈಫಲ್ ತಿರುಗಲು ಸಮಯ ಸಿಗಲಿಲ್ಲ. ಎರಡೂ ತೀರಾ ದೂರ ದೂರ ಬಿದ್ದಿದ್ದರೆ ವೇಗ ಕಡಿಮೆ. ಇವೆರಡನ್ನೂ ಮನೆಯಲ್ಲಿ ತೋಟಾ ತುಂಬುವವರು ಮದ್ದಿನ ಪ್ರಮಾಣ ಬದಲಿಸಿ ಸರಿ ಮಾಡಿಕೊಳ್ಳಬಹುದು. ಒಂದು ಮೇಲೆ ಒಂದು ಕೆಳಗೆ ಬಿದ್ದಿದ್ದರೆ ಮದ್ದಿನಿಂದ ಸುಲಭಕ್ಕೆ ಸರಿಯಾಗದು. ಅಂಥದ್ದನ್ನು ವಾಪಸ್ ಕೊಟ್ಟು ಬನ್ನಿ.

ಬಿಸಿಲನ್ನೂ ಲೆಕ್ಕಕ್ಕೆ ತಗೊಳ್ಳಿ. ಜರ್ಮನಿಯ ಚಳಿಯಲ್ಲಿ ಹೊಂದಿಸಿದ ರೈಫಲನ್ನು ನೀವು ಅಕ್ಟೋಬರ್‌ನಲ್ಲಿ ಜಾಂಬೆಜಿ ಕಣಿವೆಗೆ ಒಯ್ಯುತ್ತೀರಿ. ಬಿಸಿಗೆ ಮದ್ದಿನ ಒತ್ತಡ, ವೇಗ ಎರಡೂ ಏರುತ್ತವೆ. ಹಿಂದೆ ಕಾರ್ಡೈಟ್ ಅನ್ನುವ ಹೊಗೆಯಿಲ್ಲದ ಮದ್ದಿನ ಕಾಲದಲ್ಲಿ ಇದಕ್ಕೇ ಅಂತ ಭಾರತ, ಆಫ್ರಿಕಕ್ಕೆ ಮದ್ದು ಕಡಿಮೆ ಮಾಡಿದ ಬೇರೆ ತೋಟಾ ಕಳಿಸುತ್ತಿದ್ದರು. ಈಗಿನ ಮದ್ದುಗಳು ಎಷ್ಟೋ ಸುಧಾರಿಸಿವೆ. ಆದರೂ ಕ್ಯಾಂಪ್ ತಲುಪಿದ ಮೊದಲ ದಿನವೇ ಎರಡೂ ನಳಿಕೆ ಹೊಡೆದು ನೋಡಿ.

ಅಗ್ಗದ ಕೆಲವು ಡಬಲ್‌ಗಳಲ್ಲಿ ಒಂದು ಕಳ್ಳದಾರಿ ಹಿಡಿದದ್ದೂ ಉಂಟು. ಬೆಸುಗೆ ಬಿಚ್ಚಿ ಸರಿಪಡಿಸುವ ಬದಲು ನಳಿಕೆಯ ಬಾಯಿಯೊಳಗೆ ಒಂದು ಪಕ್ಕ ಉಜ್ಜಿ ಗುಂಡಿನ ದಾರಿ ತಿರುಗಿಸುವುದು. ಟಾರ್ಚ್ ಹಿಡಿದು ಎರಡೂ ಬಾಯಿ ನೋಡಿ. ಒಳಗಿನ ಗೀರುಗಳು ಸುತ್ತಲೂ ಒಂದೇ ಸಮ ಕೊನೆಯಾಗಬೇಕು. ಒಂದು ಪಕ್ಕ ಅರ್ಧಚಂದ್ರದ ಹಾಗೆ ಸವೆದಿದ್ದರೆ ಮುಟ್ಟಬೇಡಿ.

ಲಾಕ್ ವಿಷಯಕ್ಕೆ ಬರೋಣ. ಲಾಕಿನ ಭಾಗಗಳು ರೈಫಲಿನ ನಡುದೇಹದ ಒಳಗೇ ಕೂತಿದ್ದರೆ ಬಾಕ್ಸ್‌ಲಾಕ್, ಪಕ್ಕದ ತಟ್ಟೆಗಳ ಮೇಲೆ ಕೂತಿದ್ದರೆ ಸೈಡ್‌ಲಾಕ್. ಬಾಕ್ಸ್‌ಲಾಕ್ ಒಳ್ಳೆಯದೋ ಸೈಡ್‌ಲಾಕ್ ಒಳ್ಳೆಯದೋ ಅಂತ ಜನ ರಾತ್ರಿಯೆಲ್ಲ ಜಗಳ ಆಡುತ್ತಾರೆ. ಇಂಗ್ಲೆಂಡಿನ ಬಂದೂಕು ಕಂಪನಿ ವೆಸ್ಟ್ಲಿ ರಿಚರ್ಡ್ಸ್‌ನ ಇಬ್ಬರು ಕೆಲಸಗಾರರು, ಆನ್ಸನ್ ಮತ್ತು ಡೀಲಿ, 1875ರಲ್ಲಿ ಪೇಟೆಂಟ್ ಮಾಡಿದ ಬಾಕ್ಸ್‌ಲಾಕ್ ಇವತ್ತಿಗೂ ಕೆಲಸ ಮಾಡುತ್ತಿದೆ. ಭಾಗ ಕಡಿಮೆ, ಗಟ್ಟಿ. ಸೈಡ್‌ಲಾಕ್‌ನ ಅನುಕೂಲ ಬೇರೆ. ಕೆಲವನ್ನು ಕೈಯಲ್ಲೇ ಬಿಚ್ಚಿ ಒರೆಸಬಹುದು, ಟ್ರಿಗರ್ ನಯವಾಗಿರುತ್ತದೆ, ಮತ್ತು ಸಾಮಾನ್ಯವಾಗಿ ಎರಡನೇ ಹಿಡಿತವೊಂದು ಒಳಗಿರುತ್ತದೆ. ಅದಕ್ಕೆ ಇಂಟರ್‌ಸೆಪ್ಟಿಂಗ್ ಸಿಯರ್ ಅನ್ನುತ್ತಾರೆ. ಏಟು ಬಿದ್ದು ಹ್ಯಾಮರ್ ತಾನಾಗಿ ಜಾರಿದರೆ ಇದು ನಡುವೆ ಹಿಡಿದು ನಿಲ್ಲಿಸುತ್ತದೆ, ಟ್ರಿಗರ್ ಒತ್ತಿದಾಗ ಮಾತ್ರ ದಾರಿ ಬಿಡುತ್ತದೆ. ಕೆಲವು ಬಾಕ್ಸ್‌ಲಾಕ್‌ಗಳಲ್ಲೂ ಇದು ಉಂಟು, ಜರ್ಮನಿಯ ಹೈಮ್ 88ಬಿ ಅಂಥದ್ದು. ಬಾಕ್ಸೋ ಸೈಡೋ ಅನ್ನುವುದಕ್ಕಿಂತ ಈ ಎರಡನೇ ಹಿಡಿತ ಇದೆಯೋ ಇಲ್ಲವೋ ಅನ್ನುವುದು ನನಗೆ ದೊಡ್ಡ ಪ್ರಶ್ನೆ.

ಯಾಕೆಂದರೆ ಡಬಲ್‌ನ ದೊಡ್ಡ ರೋಗ ಡಬ್ಲಿಂಗ್. ಒಂದು ಟ್ರಿಗರ್ ಒತ್ತಿದಾಗ ಎರಡೂ ಹಾರುವುದು. .470ರಲ್ಲಿ ಎರಡೂ ಒಟ್ಟಿಗೆ ಹೋದರೆ ಭುಜಕ್ಕೆ ಪೆಟ್ಟು, ಕೆಲವೊಮ್ಮೆ ಸ್ಟಾಕೇ ಸೀಳುತ್ತದೆ, ಬಫಲೋ ಎದುರಿಗಿರುವಾಗ ಕೈಯಲ್ಲಿ ಖಾಲಿ ಬಂದೂಕು. ಇದನ್ನು ಪತ್ತೆ ಮಾಡುವ ದಾರಿ ಇದೆ. ಮೊದಲು ಎರಡೂ ಕಡೆ ಸ್ನ್ಯಾಪ್ ಕ್ಯಾಪ್ (ಮದ್ದಿಲ್ಲದ ಅಭ್ಯಾಸದ ತೋಟಾ) ಹಾಕಿ, ಕಾಕ್ ಮಾಡಿ (ಹ್ಯಾಮರ್ ಸ್ಪ್ರಿಂಗ್ ಬಿಗಿ ಮಾಡಿ), ಸೇಫ್ಟಿ ತೆಗೆದು, ಮುಂದಿನ ಟ್ರಿಗರ್ ಒತ್ತಿ. ಸ್ಟಾಕಿನ ಹಿಂಭಾಗಕ್ಕೆ ರಬ್ಬರ್ ಸುತ್ತಿಗೆಯಲ್ಲಿ ಬಿಗಿಯಾಗಿ ತಟ್ಟಿ. ಈಗ ಹಿಂದಿನ ಟ್ರಿಗರ್ ಒತ್ತಿ. ಟಕ್ ಅಂತ ಸದ್ದು ಬಂದರೆ ಆ ಲಾಕ್ ಹಿಡಿದು ನಿಂತಿತ್ತು. ಸದ್ದೇ ಇಲ್ಲ ಅಂದರೆ ತಟ್ಟಿದಾಗಲೇ ಜಾರಿದೆ. ಇದರಲ್ಲಿ ಪಾಸಾದರೆ ರೇಂಜ್‌ಗೆ ಹೋಗಿ ಬಲಕ್ಕೆ ನಿಜವಾದ ತೋಟಾ, ಎಡಕ್ಕೆ ಸ್ನ್ಯಾಪ್ ಕ್ಯಾಪ್. ಬಲ ಹೊಡೆದು, ಎಡ ಒತ್ತಿ, ಅದೇ ಟಕ್ ಸದ್ದಿಗೆ ಕಿವಿಗೊಡಿ. ಆಮೇಲೆ ಅದಲುಬದಲು ಮಾಡಿ. ಹಿಂದಿನ ಟ್ರಿಗರ್ ಮೊದಲು ಒತ್ತಿದಾಗಲೂ ಇನ್ನೊಂದು ಲಾಕ್ ಜಾರುತ್ತಿದ್ದರೆ ತಪ್ಪು ರೈಫಲಿನದು. ಮುಂದಿನದು ಒತ್ತಿದಾಗ ಮಾತ್ರ ಆಗುತ್ತಿದ್ದರೆ ನಿಮ್ಮ ಬೆರಳೇ ಒದೆತಕ್ಕೆ ಹಿಂದಿನ ಟ್ರಿಗರ್‌ಗೆ ಬಡಿಯುತ್ತಿರಬಹುದು. ಆಗ ಹಿಡಿತ ಬಿಗಿ ಮಾಡಬೇಕು, ಬೆರಳಿನ ತುದಿಯಲ್ಲಿ ಒತ್ತುವುದು ಕಲಿಯಬೇಕು. ಟ್ರಿಗರ್ ತೀರಾ ಹಗುರ ಮಾಡಿಸಬೇಡಿ. ಮುಂದಿನದು ಸುಮಾರು ನಾಲ್ಕು ಪೌಂಡ್, ಹಿಂದಿನದು ಅದಕ್ಕಿಂತ ತುಸು ಗಟ್ಟಿ ಇದ್ದರೆ ಒಳ್ಳೆಯದು. ಸಿಂಗಲ್ ಟ್ರಿಗರ್ ಡಬಲ್ ಬೇಡವೇ ಬೇಡ, ಎರಡು ಬಂದೂಕಿನ ಲಾಭವನ್ನೇ ಅದು ಕಸಿದುಕೊಳ್ಳುತ್ತದೆ.

ಸೇಫ್ಟಿ ಬಗ್ಗೆ ನಾನು ಹಠಮಾರಿ. ಅಪಾಯದ ಪ್ರಾಣಿಗೆ ಒಯ್ಯುವ ಡಬಲ್‌ನಲ್ಲಿ ಸೇಫ್ಟಿ ಆಟೋಮ್ಯಾಟಿಕ್ ಇರಲೇಬಾರದು. ಆಟೋಮ್ಯಾಟಿಕ್ ಅಂದರೆ ನಳಿಕೆ ಬಗ್ಗಿಸಿದ ಪ್ರತಿ ಸಲ ಸೇಫ್ಟಿ ತಾನಾಗಿ ಹಿಂದಕ್ಕೆ ಬಂದು ಕೂರುತ್ತದೆ. ಎರಡು ಈಡು ಹೊಡೆದಿದ್ದೀರಿ, ಗಡಿಬಿಡಿಯಲ್ಲಿ ಮತ್ತೆರಡು ತುಂಬಿದಿರಿ, ಮುಚ್ಚಿದಿರಿ, ಒತ್ತಿದಿರಿ, ಏನೂ ಆಗಲಿಲ್ಲ. ಅಲ್ಲಿಗೆ ಮುಗೀತು. ಕೊಡಗು, ಮಲೆನಾಡಿನ ತೋಟಗಳಲ್ಲಿ ಜೋಡಿ ನಳಿಗೆ ಕೋವಿ ಹಿಡಿದು ಬೆಳೆದವರಿಗೆ ಆಟೋಮ್ಯಾಟಿಕ್ ಸೇಫ್ಟಿಯೇ ರೂಢಿ, ಶಾಟ್‌ಗನ್‌ಗಳಲ್ಲಿ ಜಾಸ್ತಿ ಅದೇ ಇರುತ್ತದೆ. ಅಂಥವರು ಹೊಸ ಅಭ್ಯಾಸ ಬೆಳೆಸಿಕೊಳ್ಳಲೇಬೇಕು: ತೋಟಾ ತುಂಬಿ ನಡೆಯುವಾಗ ಸೇಫ್ಟಿ ನೀವೇ ಹಾಕಬೇಕು, ರೈಫಲ್ ಹಾಕುವುದಿಲ್ಲ. ಹಳೆ ಡಬಲ್‌ನಲ್ಲಿ ಆಟೋಮ್ಯಾಟಿಕ್ ಇದ್ದರೆ ಗನ್‌ಸ್ಮಿತ್ ಸುಲಭವಾಗಿ ಬಿಡಿಸಿಕೊಡುತ್ತಾನೆ. ಜರ್ಮನಿಯ ಕ್ರೀಗಾಫ್ ಡಬಲ್‌ನಲ್ಲಿ ಬೇರೆ ಥರ. ಅಲ್ಲಿ ಸೇಫ್ಟಿ ಜಾಗದಲ್ಲಿ ಹೆಬ್ಬೆರಳಿನಿಂದ ಮುಂದಕ್ಕೆ ತಳ್ಳುವ ಗುಂಡಿ ಇದೆ, ತಳ್ಳಿದಾಗಲೇ ಸ್ಪ್ರಿಂಗ್ ಕಾಕ್ ಆಗುತ್ತದೆ. ತುಂಬಿದ ರೈಫಲ್ ಹೊತ್ತು ನಡೆಯಲು ಬಹಳ ಸುರಕ್ಷಿತ. ಆದರೆ ತಳ್ಳಲು ಬಲ ಬೇಕು. ಕೊಳ್ಳುವ ಮುಂಚೆ ಭುಜಕ್ಕೆ ಏರಿಸುತ್ತಾ ತಳ್ಳಿ ನೋಡಿ, ಹೆಬ್ಬೆರಳು ಒಪ್ಪದಿದ್ದರೆ ಬೇರೆ ನೋಡಿ.

ಎಜೆಕ್ಟರ್ ಬೇಕಾ ಬೇಡವಾ? ಖಾಲಿ ತೋಟಾ ಹೊರಗೆ ಹಾರಿಸಿದರೆ ಮತ್ತೆ ತುಂಬುವುದು ಬೇಗ. ಸದ್ದಾಗುತ್ತದೆ, ಭಾಗ ಜಾಸ್ತಿ, ಕೆಡುವ ಸಾಧ್ಯತೆಯೂ ಜಾಸ್ತಿ ಅನ್ನುವವರೂ ಇದ್ದಾರೆ. ನನ್ನ ಮತ ಎಜೆಕ್ಟರ್ ಕಡೆಗೆ, ಜಗಳ ಮಾಡುವಷ್ಟೇನಲ್ಲ.

ಹಳೆ ಇಂಗ್ಲಿಷ್ ಡಬಲ್ ಕೊಳ್ಳುವವರಿಗೆ ಸ್ವಲ್ಪ ಜಾಸ್ತಿ ಕೆಲಸ. ಮುಂದಿನ ಮರ ಬಿಚ್ಚಿ, ನಳಿಕೆಗಳನ್ನು ಮತ್ತೆ ಕೂರಿಸಿ, ಪಕ್ಕಕ್ಕೂ ಮೇಲೆ ಕೆಳಗೂ ಅಲ್ಲಾಡಿಸಿ. ಮರ ಇದ್ದಾಗ ಅದರ ಸ್ಪ್ರಿಂಗ್ ಸಡಿಲವನ್ನು ಮುಚ್ಚಿಹಾಕುತ್ತದೆ, ಅದಕ್ಕೇ ಬಿಚ್ಚಿ ನೋಡಬೇಕು. ಬೆಳಕಿಗೆ ಹಿಡಿದರೆ ನಳಿಕೆಗೂ ಅದರ ಹಿಂದಿನ ಗೋಡೆಗೂ (ಬ್ರೀಚ್) ನಡುವೆ ಬೆಳಕು ನುಸುಳಬಾರದು. ನಳಿಕೆ ಜೋಡಿಯನ್ನು ಬಿಡಿಸಿ ಕೊಕ್ಕೆಯಿಂದ ತೂಗುಹಾಕಿ ಬೆರಳಿನ ಗೆಣ್ಣಿನಿಂದ ತಟ್ಟಿ. ದೇವಸ್ಥಾನದ ಗಂಟೆ ಥರ ದೀರ್ಘವಾಗಿ ಮೊಳಗಬೇಕು. ಗರಗರ ಅಂದರೆ ನಳಿಕೆಗಳನ್ನು ಜೋಡಿಸುವ ನಡುವಿನ ಪಟ್ಟಿಯ (ರಿಬ್) ಬೆಸುಗೆ ಎಲ್ಲೋ ಬಿಟ್ಟಿದೆ. ಬೆಸುಗೆ ಬಿಟ್ಟ ಮೇಲೆ ರೆಗ್ಯುಲೇಶನ್ ಕಥೆ ಗೊತ್ತಲ್ಲ.

ನಳಿಕೆಯ ಕೆಳಗೆ ಪ್ರೂಫ್ ಮುದ್ರೆ (ಪರೀಕ್ಷೆಯಾದ ಗುರುತು) ಓದಿ. ಹಳೆ .470ರ ಮೇಲೆ ಕಾರ್ಡೈಟ್ 75-500 ಅಂತ ಕಂಡರೆ 75 ಗ್ರೇನ್ ಕಾರ್ಡೈಟ್, 500 ಗ್ರೇನ್ ಗುಂಡಿಗೆ ಪರೀಕ್ಷೆಯಾದದ್ದು ಅಂತ ಅರ್ಥ. ಕಪ್ಪು ಮದ್ದಿನ ಕಾಲದ ರೈಫಲ್ ಬೇರೆ, ಹೊಗೆಯಿಲ್ಲದ ಮದ್ದಿನ ನೈಟ್ರೋ ಬೇರೆ. ಬೋರ್ ಸಂಖ್ಯೆ ಒಂದೇ ಇದೆ ಅಂತ ಹಳೆಯದಕ್ಕೆ ಹೊಸ ತೋಟಾ ತುರುಕಿದರೆ ಬಂದೂಕೂ ಹೋಗುತ್ತದೆ, ಕೈಯೂ ಹೋಗಬಹುದು. ಇನ್ನು ಗುಂಡು. ಹಳೆ ನಳಿಕೆಗಳ ಗೋಡೆ ತೆಳು, ಉಕ್ಕು ಮೆದು. ಪೂರ್ತಿ ತಾಮ್ರದ ಅಥವಾ ಹಿತ್ತಾಳೆಯ ಗಟ್ಟಿ ಗುಂಡು ಒತ್ತಿಕೊಂಡು ಹೋದರೆ ಒಳಗಿನ ಗೀರುಗಳು ಹೊರಮೈಯಲ್ಲಿ ಏರುಗೆರೆಯಾಗಿ ಮೂಡಿದ್ದುಂಟು. ನಳಿಕೆಯನ್ನು ದೀಪಕ್ಕೆ ಓರೆಯಾಗಿ ಹಿಡಿದು ತಿರುಗಿಸಿದರೆ ಆ ಸುರುಳಿ ನೆರಳು ಕಾಣುತ್ತದೆ. ಹಳೆಯದಕ್ಕೆ ಸೀಸದ ತಿರುಳಿರುವ ವುಡ್ಲೇ ಥರದ ಗುಂಡೇ ವಾಸಿ.

ತೂಕ ಕಡಿಮೆ ಇದ್ದರೆ ಒಳ್ಳೆಯದು ಅಂದುಕೊಳ್ಳಬೇಡಿ. .470 ಸುಮಾರು ಐದು ಕಿಲೋ ಇರಬೇಕು. ಹೊತ್ತು ನಡೆಯುವಾಗ ಬೈದುಕೊಳ್ಳುತ್ತೀರಿ, ಹೊಡೆಯುವಾಗ ಹೊಗಳುತ್ತೀರಿ. ಸ್ಟಾಕ್ ನಿಮ್ಮ ಮೈಗೆ ಹೊಂದುತ್ತದಾ ನೋಡಲು ಕಣ್ಣು ಮುಚ್ಚಿ ಭುಜಕ್ಕೆ ಏರಿಸಿ, ಆಮೇಲೆ ಕಣ್ಣು ತೆರೆಯಿರಿ. ಮುಂದಿನ ಬಿಳಿ ಮಣಿ ಹಿಂದಿನ ಅಗಲ ವಿ ಆಕಾರದ ಗುರಿಕಂಡಿಯೊಳಗೆ ತಾನಾಗಿ ಕೂತಿರಬೇಕು. ಕತ್ತು ಬಗ್ಗಿಸಿ ಹುಡುಕಬೇಕಾದರೆ ಆ ಸ್ಟಾಕ್ ನಿಮ್ಮದಲ್ಲ. ವಯಸ್ಸಾಗಿ ಮಣಿ ಮಸುಕಾಗುವವರು ಕೆಂಪು ಚುಕ್ಕೆ ತೋರಿಸುವ ಸಣ್ಣ ರೆಡ್ ಡಾಟ್ ಹಾಕಿಸಿಕೊಳ್ಳಿ, ನಾಚಿಕೆ ಪಡುವಂಥದ್ದೇನಿಲ್ಲ.

ದುಡ್ಡಿನ ಮಾತು. ಲಂಡನ್ನಿನ ಹಾಲೆಂಡ್ ಅಂಡ್ ಹಾಲೆಂಡ್ ಥರದ ಹೊಸ ಸೈಡ್‌ಲಾಕ್‌ಗೆ ಒಂದು ಮನೆಯ ಬೆಲೆ. ನಮ್ಮಂಥವರು ನೋಡಬೇಕಾದ್ದು ಯುರೋಪಿನ ಬಾಕ್ಸ್‌ಲಾಕ್‌ಗಳನ್ನು: ಜರ್ಮನಿಯ ಹೈಮ್, ಕ್ರೀಗಾಫ್, ಮೆರ್ಕೆಲ್, ಫ್ರಾನ್ಸಿನ ಶಾಪ್ವಿ, ವೆರ್ನೇ-ಕಾರೋನ್. ಇವುಗಳಲ್ಲಿ ಚೆನ್ನಾಗಿ ನೋಡಿಕೊಂಡ ಸೆಕೆಂಡ್ ಹ್ಯಾಂಡ್ ಸಿಕ್ಕರೆ ಹೊಸ ಅಗ್ಗದ ಡಬಲ್‌ಗಿಂತ ಎಷ್ಟೋ ಮೇಲು. ಮಾರುವವನಿಗೆ ಒಂದು ಷರತ್ತು ಹಾಕಿ: ಎರಡು ಪೆಟ್ಟಿಗೆ ತೋಟಾ ಹೊಡೆದು ನೋಡಿ, ಹಿಡಿಸದಿದ್ದರೆ ವಾಪಸ್. ಒಪ್ಪದವನ ಹತ್ತಿರ ವ್ಯಾಪಾರ ಬೇಡ.

ಕೊಂಡಾದ ಮೇಲೆ ಅದೇ ಲಾಟಿನ ತೋಟಾ ಒಟ್ಟಿಗೆ ತೆಗೆದಿಡಿ. ಬಫಲೋಗೆ ಮೊದಲು ಅರಳುವ ಸಾಫ್ಟ್, ಎರಡನೆಯದು ಅರಳದೆ ಆಳಕ್ಕೆ ಹೋಗುವ ಸಾಲಿಡ್ ಅನ್ನುವುದು ರೂಢಿ, ಆನೆಗೆ ಎರಡೂ ಸಾಲಿಡ್. ಸಾಫ್ಟ್ ಮತ್ತು ಸಾಲಿಡ್ ಎರಡೂ ಒಂದೇ ಕಡೆ ಬೀಳುತ್ತವಾ ಅಂತ ಮನೆಯಲ್ಲಿರುವಾಗಲೇ ಖಚಿತ ಮಾಡಿಕೊಳ್ಳಿ. ವಿಮಾನದಲ್ಲಿ ಒಬ್ಬರಿಗೆ ಐದು ಕಿಲೋ ತೋಟಾ ಮಿತಿ, ರೈಫಲ್‌ನಿಂದ ಬೇರೆಯಾಗಿ ಪ್ಯಾಕ್ ಮಾಡಿ ಬೀಗ ಹಾಕಿರಬೇಕು. ಜೊಹಾನ್ಸ್‌ಬರ್ಗ್‌ನಲ್ಲಿ ಇಳಿದು ಹೋಗುವವರು ದಕ್ಷಿಣ ಆಫ್ರಿಕ ಪೊಲೀಸರ 520 ನಂಬರಿನ ಫಾರಂ ಮೊದಲೇ ತುಂಬಿಡಿ, ಸಹಿ ಮಾತ್ರ ಅಲ್ಲಿನ ಅಧಿಕಾರಿಯ ಎದುರೇ ಹಾಕಿ. ಮತ್ತೆ ಸ್ನ್ಯಾಪ್ ಕ್ಯಾಪ್ ಜೋಡಿಯೊಂದು ಬ್ಯಾಗಿನಲ್ಲಿರಲಿ. ಕ್ಯಾಂಪ್‌ನಲ್ಲಿ ಸಂಜೆ ಕೂತು, ಎಡಗೈ ಬೆರಳುಗಳ ನಡುವೆ ಎರಡು ಹಿಡಿದು, ಬಗ್ಗಿಸಿ, ತುಂಬಿ, ಮುಚ್ಚಿ ಅಭ್ಯಾಸ ಮಾಡಿ, ನೋಡದೆ ಮಾಡಲು ಬರುವ ತನಕ.